ನೀಲಿ ಗೆರೆಯಿಂದ ಮಡುವಿನವರೆಗೆ: ದೂರದ ಟ್ರೌಟ್ ಹೊಳೆಗಳನ್ನು ಹುಡುಕುವ ಬಗೆ

ಬೆಟ್ಟದ ಹೊಳೆಗಳಲ್ಲಿ ಟ್ರೌಟ್ ಹಿಡಿಯುವ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ: ‘ಯಾವ ಹೊಳೆ?’ ಇಲ್ಲಿ ಕುಳಿತವರಲ್ಲಿಯೂ ಕೆಲವರು ಆ ಹೆಸರನ್ನು ಬರೆದುಕೊಳ್ಳಲೆಂದೇ ಪೆನ್ನು ಹಿಡಿದು ಬಂದಿದ್ದೀರಿ ಎಂದು ಕಾಣುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ನಾನು ಗಾಳ ಹಾಕುವ ಯಾವ ಹೊಳೆಯ ಹೆಸರನ್ನೂ ಇಂದು ಹೇಳುವುದಿಲ್ಲ. ಇದು ಜಿಪುಣತನದ ಮಾತಲ್ಲ. ಎರಡು ಮಾರು ಅಗಲದ ಒಂದು ತೊರೆಯಲ್ಲಿ ಬೆಳೆದ ಮೀನುಗಳು ಎಷ್ಟಿರಬಹುದು ಎಂಬುದನ್ನು ನೀವೇ ಊಹಿಸಿಕೊಳ್ಳಿ. ಅದರ ಹೆಸರು ನೂರು ಜನರ ಬಾಯಿಗೆ ಬಿದ್ದರೆ ಒಂದು ಋತು ಮುಗಿಯುವುದರೊಳಗೆ ಅಲ್ಲಿ ಉಳಿಯುವುದು ನೀರು ಮಾತ್ರ. ಹೆಸರಿನ ಬದಲು ಹುಡುಕುವ ಬಗೆಯನ್ನು ಹೇಳುತ್ತೇನೆ. ನಕ್ಷೆ, ಥರ್ಮಾಮೀಟರ್ ಮತ್ತು ಎರಡು ಕಾಲು ಇದ್ದವರಿಗೆ ಅದು ಯಾವ ಪರ್ವತಶ್ರೇಣಿಯಲ್ಲಿಯಾದರೂ ಕೈಹಿಡಿಯುತ್ತದೆ.

ಹುಡುಕಾಟವನ್ನು ಹೊಳೆಯಿಂದ ಆರಂಭಿಸದೆ ಮೀನಿನಿಂದ ಆರಂಭಿಸಬೇಕು. ಟ್ರೌಟ್ ತಣ್ಣೀರಿನ ಮೀನು. ನೀರು ಸುಮಾರು 10ರಿಂದ 16 ಡಿಗ್ರಿ ಸೆಲ್ಸಿಯಸ್ ಇರುವಾಗ ಅದು ಚೆನ್ನಾಗಿ ತಿನ್ನುತ್ತದೆ, ಚೆನ್ನಾಗಿ ಬೆಳೆಯುತ್ತದೆ. 20 ಡಿಗ್ರಿ ದಾಟಿತೆಂದರೆ ಅದಕ್ಕೆ ಕಷ್ಟಕಾಲ, 25ರ ಆಸುಪಾಸಿನಲ್ಲಿ ಹೆಚ್ಚು ಹೊತ್ತು ಇರಬೇಕಾಗಿ ಬಂದರೆ ಅದು ಬದುಕುವುದೇ ಅನುಮಾನ. ಇದರ ಹಿಂದೆ ಉಸಿರಾಟದ ಲೆಕ್ಕವೂ ಇದೆ. ಸಮುದ್ರಮಟ್ಟದಲ್ಲಿ 10 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 11.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು, 20 ಡಿಗ್ರಿಯಲ್ಲಿ ಅದು 9.1 ಮಿಲಿಗ್ರಾಮಿಗೆ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ, ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುವುದರಿಂದ, 3000 ಮೀಟರಿನಲ್ಲಿ ಅದೇ ತಣ್ಣನೆಯ ನೀರು ಹಿಡಿಯುವ ಆಮ್ಲಜನಕವೂ ಹೆಚ್ಚುಕಡಿಮೆ ಮೂರನೇ ಒಂದು ಭಾಗದಷ್ಟು ತಗ್ಗಿರುತ್ತದೆ. ಕಲ್ಲಿನಿಂದ ಕಲ್ಲಿಗೆ ಬಿದ್ದು ನೊರೆಯಾಗುವ ನೀರನ್ನು ಈ ಮೀನು ಮೆಚ್ಚಲು ಇದೂ ಒಂದು ಕಾರಣ.

ತಂಪು ಮತ್ತು ಉಸಿರಿನ ಜೊತೆಗೆ ಇನ್ನೆರಡು ಅಗತ್ಯಗಳಿವೆ. ಹೆಣ್ಣು ಟ್ರೌಟ್ ಬಾಲದಿಂದ ಬಡಿದು ಸಣ್ಣ ನುರುಜುಗಲ್ಲುಗಳ ನಡುವೆ ಗುಳಿ ತೋಡಿ ಮೊಟ್ಟೆಯಿಡುತ್ತದೆ. ಆ ಕಲ್ಲುಗಳ ಸಂದಿಯಲ್ಲಿ ನೀರು ಹರಿದಾಡುತ್ತಿರಬೇಕು, ಹೂಳು ತುಂಬಿದರೆ ಮೊಟ್ಟೆ ಉಸಿರುಗಟ್ಟಿ ಸಾಯುತ್ತದೆ. ಕೊನೆಯದಾಗಿ, ವರ್ಷದಲ್ಲಿ ನೀರು ಅತಿ ಕಡಿಮೆಯಾಗುವ ತಿಂಗಳಿನಲ್ಲಿಯೂ ಮೀನು ತಲೆಮರೆಸಿಕೊಳ್ಳುವಷ್ಟು ಆಳದ ಮಡುಗಳು ಉಳಿದಿರಬೇಕು. ಹೊಸಬರು ನೀರು ತುಂಬಿದ ಕಾಲದಲ್ಲಿ ಹೊಳೆಯನ್ನು ನೋಡಿ ಮರುಳಾಗುತ್ತಾರೆ. ಹೊಳೆಯ ಯೋಗ್ಯತೆ ತಿಳಿಯುವುದು ಅದು ಬಡವಾದ ತಿಂಗಳಿನಲ್ಲಿ.

ಈ ನಾಲ್ಕೂ ಇದ್ದ ಮಾತ್ರಕ್ಕೆ ಮೀನು ಇದ್ದೇ ಇರುತ್ತದೆ ಎಂದಲ್ಲ, ಏಕೆಂದರೆ ಮೀನು ಅಲ್ಲಿಗೆ ಬಂದು ಸೇರಿರಬೇಕು. ಬ್ರೌನ್ ಟ್ರೌಟ್ ಯುರೋಪ್, ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕದ ಅಟ್ಲಾಸ್ ಪರ್ವತಗಳ ಮೀನು. ರೇನ್‌ಬೋ ಟ್ರೌಟ್ ಕಾಮ್ಚಾಟ್ಕಾದಿಂದ ಉತ್ತರ ಮೆಕ್ಸಿಕೋವರೆಗಿನ ಪೆಸಿಫಿಕ್ ಅಂಚಿನದು. ದಕ್ಷಿಣ ಗೋಳಾರ್ಧದಲ್ಲಿ ಸಹಜವಾಗಿ ಹುಟ್ಟಿದ ಟ್ರೌಟ್ ಒಂದೂ ಇಲ್ಲ. ಅಲ್ಲಿ ಟ್ರೌಟ್ ಕಂಡರೆ, ಯಾರೋ ಒಬ್ಬರು ಯಾವುದೋ ವರ್ಷ ಹೊತ್ತು ತಂದು ಬಿಟ್ಟದ್ದು ಎಂದೇ ತಿಳಿಯಬೇಕು.

ಹಾಗೆ ಹೊತ್ತು ತಂದ ಕಥೆಯನ್ನು ಸ್ವಲ್ಪ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. 1864ರಲ್ಲಿ ‘ನಾರ್ಫೋಕ್’ ಎಂಬ ಹಡಗಿನಲ್ಲಿ ಇಂಗ್ಲೆಂಡಿನಿಂದ ಟಾಸ್ಮೇನಿಯಕ್ಕೆ ಸಾಲ್ಮನ್ ಮೀನಿನ ಮೊಟ್ಟೆಗಳನ್ನು ಪಾಚಿಯಲ್ಲಿ ಸುತ್ತಿ, ಮಂಜುಗಡ್ಡೆಯ ನಡುವೆ ಇಟ್ಟು ಸಮಭಾಜಕ ವೃತ್ತ ದಾಟಿಸಿ ಒಯ್ದರು. ಅವುಗಳ ಜೊತೆಗೆ, ಹೆಚ್ಚಿನ ನಿರೀಕ್ಷೆಯೇನೂ ಇಲ್ಲದೆ, ಬ್ರೌನ್ ಟ್ರೌಟಿನ ಕೆಲವು ಮೊಟ್ಟೆಗಳೂ ಹೋದವು. ಇಷ್ಟೆಲ್ಲ ಖರ್ಚು ಮಾಡಿ ತಂದ ಸಾಲ್ಮನ್ ಅಲ್ಲಿ ನೆಲೆಗೊಳ್ಳಲಿಲ್ಲ, ಉಪ್ಪಿನಕಾಯಿಯಂತೆ ಪಕ್ಕದಲ್ಲಿ ಬಂದ ಟ್ರೌಟ್ ನೆಲೆನಿಂತಿತು. 1867ರಲ್ಲಿ ಅಲ್ಲಿಂದಲೇ ನ್ಯೂಜಿಲೆಂಡಿಗೂ ಹೋಯಿತು. ಕಾಶ್ಮೀರಕ್ಕೆ 1899ರಲ್ಲಿ ಬ್ರಿಟನ್ನಿನಿಂದ ಹೊರಟ ಮೊಟ್ಟೆಗಳು ಉಳಿಯಲಿಲ್ಲ, ಮರುವರ್ಷ ಬಂದವು ಉಳಿದವು. ಹಿಮಾಚಲದ ಕುಲ್ಲು ಕಡೆಯ ಹೊಳೆಗಳಿಗೆ ಟ್ರೌಟ್ ಬಂದದ್ದು 20ನೆಯ ಶತಮಾನದ ಮೊದಲ ದಶಕದಲ್ಲಿ.

ಇದು ಬರಿಯ ಕಥೆಯಲ್ಲ, ಹುಡುಕುವವನಿಗೆ ಇದೇ ಮೊದಲ ದಾರಿ. ಟ್ರೌಟ್ ಹೊರಗಿನಿಂದ ಬಂದ ಪ್ರದೇಶದಲ್ಲಿ ನಾನು ಮೊದಲು ಹುಡುಕುವುದು ಹಳೆಯ ಮರಿ ಉತ್ಪಾದನಾ ಕೇಂದ್ರ ಎಲ್ಲಿತ್ತು, ಅಲ್ಲಿಂದ ಮರಿಗಳನ್ನು ಒಯ್ಯುವ ದಾರಿ ಯಾವುದಿತ್ತು ಎಂಬುದನ್ನು. ಹಿಂದೆ ಮರಿಗಳನ್ನು ಡಬ್ಬಿಗಳಲ್ಲಿ ಹೊತ್ತುಕೊಂಡು ಕಾಲುದಾರಿಯಲ್ಲೇ ಹೋಗಬೇಕಿತ್ತು, ನೀರು ಬಿಸಿಯಾಗುವುದರೊಳಗೆ ಬಿಡಬೇಕಿತ್ತು. ಆದ್ದರಿಂದ ಕಣಿವೆಯ ದಾರಿ, ಕಣಿವೆಯ ಮೇಲಿನ ಘಾಟಿ, ಅದರಾಚೆಯ ಮೊದಲ ತೊರೆ, ಹೀಗೆ ಮೀನು ಹರಡಿದ ಜಾಡು ಮನುಷ್ಯ ನಡೆದ ಜಾಡೇ ಆಗಿರುತ್ತದೆ. ಇಂದು ಆ ಕಾಲುದಾರಿ ಪಾಳುಬಿದ್ದು, ರಸ್ತೆ ಬೇರೆ ಕಣಿವೆಯಲ್ಲಿ ಹೋಗಿರಬಹುದು. ದಾರಿ ಮರೆತುಹೋಗಿ ಮೀನು ಮಾತ್ರ ಉಳಿದಿರುವ ಅಂತಹ ಜಾಗಗಳು ಹಳೆಯ ಗೆಜೆಟಿಯರುಗಳಲ್ಲಿಯೂ ಇಲಾಖೆಗಳ ವಾರ್ಷಿಕ ವರದಿಗಳಲ್ಲಿಯೂ ಅರ್ಧ ಸಾಲಿನಲ್ಲಿ ಅಡಗಿ ಕುಳಿತಿರುತ್ತವೆ.

ಜಲಪಾತದ ವಿಷಯವನ್ನು ಇಲ್ಲಿಯೇ ಹೇಳಬೇಕು. ಕೆಲವು ಮೀಟರ್ ಎತ್ತರದಿಂದ ನೇರ ಬೀಳುವ ಅಬ್ಬಿಯನ್ನು ಟ್ರೌಟ್ ಹತ್ತಲಾರದು. ಹಾಗಾಗಿ ಅಬ್ಬಿಯ ಮೇಲಿನ ಹೊಳೆಯಲ್ಲಿ, ಯಾರೂ ಮರಿ ಬಿಡದಿದ್ದರೆ, ನೀರು ಎಷ್ಟೇ ಚೆನ್ನಾಗಿದ್ದರೂ ಮೀನಿರುವುದಿಲ್ಲ. ನಾನು ಒಮ್ಮೆ ಎರಡು ದಿನ ನಡೆದು, ನಕ್ಷೆಯಲ್ಲಿ ಮನಸ್ಸಿಗೆ ಹಿಡಿಸಿದ್ದ ಒಂದು ತೊರೆಗೆ ತಲುಪಿ, ಮೂರನೆಯ ದಿನವಿಡೀ ಗಾಳ ಹಾಕಿ, ಒಂದೇ ಒಂದು ಮೀನನ್ನೂ ಕಾಣದೆ ಇಳಿದು ಬಂದಿದ್ದೇನೆ. ಇಳಿಯುವಾಗ ಬೇರೆ ದಾರಿ ಹಿಡಿದದ್ದರಿಂದ, ಮನೆಯ ಎರಡನೆಯ ಮಹಡಿಯಷ್ಟು ಎತ್ತರದ ಅಬ್ಬಿ ಕಣ್ಣಿಗೆ ಬಿತ್ತು. ಅದು ನಕ್ಷೆಯಲ್ಲಿ ಇರಲಿಲ್ಲ. ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳಾದ ಸಮೋನ್ನತಿ ರೇಖೆಗಳಲ್ಲಿ ಎರಡರ ನಡುವಿನ ಎತ್ತರ 20 ಮೀಟರ್ ಆಗಿದ್ದರೆ, ಏಳೆಂಟು ಮೀಟರಿನ ಅಬ್ಬಿ ಆ ಎರಡು ಗೆರೆಗಳ ನಡುವೆ ಯಾರಿಗೂ ಕಾಣದಂತೆ ಕುಳಿತುಕೊಳ್ಳಬಲ್ಲದು.

ಅಬ್ಬಿಯ ಮೇಲೆ ಮೀನಿಲ್ಲದಿರುವುದು ಕೊರತೆಯಲ್ಲ ಎಂಬುದನ್ನೂ ಸೇರಿಸುತ್ತೇನೆ. ಕ್ಯಾಲಿಫೋರ್ನಿಯದ ಸಿಯೆರಾ ನೆವಾಡಾ ಪರ್ವತಗಳ ಎತ್ತರದ ಸರೋವರಗಳಲ್ಲಿ ಬಹುಪಾಲು ಮೊದಲು ಮೀನೇ ಇರಲಿಲ್ಲ. ಹೇಸರಗತ್ತೆಗಳ ಮೇಲೆ, ಮುಂದೆ ವಿಮಾನಗಳಿಂದಲೂ ಟ್ರೌಟ್ ಮರಿಗಳನ್ನು ತಂದು ಸುರಿದರು. ಅಲ್ಲಿನ ಹಳದಿ ಕಾಲಿನ ಕಪ್ಪೆಗಳು ಕಣ್ಮರೆಯಾಗತೊಡಗಿದವು, ಕೆಲವು ಸರೋವರಗಳಿಂದ ಟ್ರೌಟನ್ನು ಬಲೆ ಹಾಕಿ ತೆಗೆದ ಮೇಲೆ ಕಪ್ಪೆಗಳು ಮರಳಿದವು. ಆದ್ದರಿಂದ ‘ಇಲ್ಲಿ ಮೀನಿದ್ದರೆ ಎಷ್ಟು ಚೆನ್ನಾಗಿತ್ತು’ ಎಂದು ಡಬ್ಬಿಯಲ್ಲಿ ನಾಲ್ಕು ಮರಿ ಒಯ್ಯುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಅಲ್ಲಿಯೇ ಬಿಡಿ.

ಈಗ ನಕ್ಷೆಗೆ ಬರೋಣ. ಒಂದಕ್ಕೆ ಐವತ್ತು ಸಾವಿರ ಅಳತೆಯ ಟೋಪೋಶೀಟ್, ಅಂದರೆ ನೆಲದ ಏರಿಳಿತ ತೋರಿಸುವ ನಕ್ಷೆ, ನಿಮ್ಮ ಮುಂದಿದೆ ಎಂದುಕೊಳ್ಳಿ. ಅದರಲ್ಲಿ 1 ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಹೊಳೆಯ ನೀಲಿ ಗೆರೆಯನ್ನು ಹಿಡಿದು 4 ಸೆಂಟಿಮೀಟರ್, ಅಂದರೆ 2 ಕಿಲೋಮೀಟರ್ ಅಳೆಯಿರಿ. ಅಷ್ಟರಲ್ಲಿ ಅದು 20 ಮೀಟರಿನ ಮೂರು ಹಂತ ಇಳಿದಿದ್ದರೆ ಇಳಿತ 60 ಮೀಟರ್, ಇಳಿಜಾರು ನೂರಕ್ಕೆ 3. ಹನ್ನೆರಡು ಹಂತ ಇಳಿದಿದ್ದರೆ 240 ಮೀಟರ್, ನೂರಕ್ಕೆ 12. ಈ ಸಣ್ಣ ಭಾಗಾಕಾರ ನಿಮ್ಮ ಎಷ್ಟೋ ದಿನಗಳ ನಡಿಗೆಯನ್ನು ಉಳಿಸುತ್ತದೆ. ಬೆಟ್ಟದ ಹೊಳೆಗಳನ್ನು ಇಳಿಜಾರಿನ ಪ್ರಕಾರ ವಿಂಗಡಿಸಿ ಮಾಂಟ್ಗೊಮರಿ ಮತ್ತು ಬಫಿಂಗ್ಟನ್ ಎಂಬ ಭೂವಿಜ್ಞಾನಿಗಳು 1997ರಲ್ಲಿ ಒಂದು ವರ್ಗೀಕರಣವನ್ನು ಪ್ರಕಟಿಸಿದರು. ಅದರ ತಿರುಳನ್ನು ಗಾಳದವರ ಮಾತಿನಲ್ಲಿ ಹೇಳುವುದಾದರೆ, ನೂರಕ್ಕೆ ಒಂದೂವರೆಗಿಂತ ಕಡಿಮೆ ಇಳಿಜಾರಿನಲ್ಲಿ ಹೊಳೆ ಬಳಸಿ ಬಳಸಿ ಹರಿದು ಮಡು ಮತ್ತು ತೆಳುನೀರುಗಳನ್ನು ಸರದಿಯಲ್ಲಿ ಮಾಡುತ್ತದೆ. ಮೂರರಿಂದ ಆರರ ಆಸುಪಾಸಿನಲ್ಲಿ ಗುಂಡುಕಲ್ಲುಗಳು ಮೆಟ್ಟಿಲಾಗಿ ನಿಂತು, ಪ್ರತಿ ಮೆಟ್ಟಿಲ ಕೆಳಗೆ ಒಂದು ಮಡು ತೋಡುತ್ತವೆ. ಅದಕ್ಕಿಂತ ಕಡಿದಾದಲ್ಲಿ ನೀರು ಬರಿದೇ ಧುಮುಕುತ್ತದೆ. ಮೊದಲ ಬಗೆಯ ಜಾಗದಲ್ಲಿ ಜನರೂ ಇರುತ್ತಾರೆ, ಏಕೆಂದರೆ ಸಮತಟ್ಟು ನೆಲ ಎಲ್ಲರಿಗೂ ಬೇಕು. ನನ್ನ ಕಣ್ಣು ಹೋಗುವುದು ಮೆಟ್ಟಿಲು ಮಡುಗಳ ಎರಡನೆಯ ಬಗೆಗೆ. ಅದಕ್ಕಿಂತಲೂ ಆಸೆ ಹುಟ್ಟಿಸುವುದೆಂದರೆ, ಕಡಿದಾದ ಕಮರಿಯ ಮೇಲ್ತುದಿಯಲ್ಲಿ ಗೆರೆಗಳು ಥಟ್ಟನೆ ದೂರದೂರವಾಗಿ, ಒಂದೆರಡು ಕಿಲೋಮೀಟರ್ ಹೊಳೆ ನಿಧಾನಿಸುವ ತೂಗುಗಣಿವೆ. ಅಲ್ಲಿ ಮೀನಿದೆಯೇ ಇಲ್ಲವೇ ಎಂಬುದನ್ನು ಮಾತ್ರ, ಮೇಲೆ ಹೇಳಿದ ಅಬ್ಬಿಯ ಕಾರಣಕ್ಕೆ, ಹೋಗಿಯೇ ತಿಳಿಯಬೇಕು.

ಇಳಿಜಾರಿನ ನಂತರ ನೋಡಬೇಕಾದದ್ದು ನೀರಿನ ಮೂಲ. ಗಾಳಿಯ ಉಷ್ಣತೆ ಪ್ರತಿ 1000 ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕದಿಂದ ಎತ್ತರವನ್ನು ಅಂದಾಜು ಮಾಡಬಹುದು, ಆದರೆ ಎತ್ತರವೊಂದನ್ನೇ ನಂಬಬಾರದು. ನೆಲದೊಳಗಿನ ಒರತೆಯಿಂದ ಹುಟ್ಟಿದ ಹೊಳೆಯ ನೀರು ಹೆಚ್ಚುಕಡಿಮೆ ಆ ಜಾಗದ ವರ್ಷದ ಸರಾಸರಿ ಉಷ್ಣತೆಯಲ್ಲಿಯೇ ಹೊರಬರುತ್ತದೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಇಂತಹ ಹೊಳೆ ಕೆಳಗಿನ ಎತ್ತರದಲ್ಲಿದ್ದರೂ ಟ್ರೌಟನ್ನು ಸಾಕುತ್ತದೆ. ಇದಕ್ಕೆ ವಿರುದ್ಧವಾದದ್ದು ಹಿಮನದಿಯ ಕೆಳಗಿನ ಹೊಳೆ. ಹಿಮನದಿ ಬಂಡೆಯನ್ನು ಅರೆದು ಮಾಡಿದ ಕಲ್ಲಿನ ಹಿಟ್ಟು ನೀರಿನಲ್ಲಿ ತೇಲುತ್ತಿರುವುದರಿಂದ ಬೇಸಿಗೆಯಲ್ಲಿ ಅದು ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ, ಕಣ್ಣಿನಿಂದ ಬೇಟೆಯಾಡುವ ಮೀನಿಗೆ ಅಲ್ಲಿ ಊಟ ಕಷ್ಟ. ಬಹಳಷ್ಟು ಜನ ಆ ಬಿಳಿ ನೀರನ್ನು ನೋಡಿ ಇಡೀ ಕಣಿವೆಯನ್ನೇ ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ. ಉಪಗ್ರಹ ಚಿತ್ರವನ್ನು ತೆರೆದು, ಆ ದೊಡ್ಡ ಹೊಳೆಗೆ ಬಂದು ಸೇರುವ ಒಂದೊಂದು ಕವಲನ್ನೂ ಅದರ ನೆತ್ತಿಯವರೆಗೆ ಹಿಂಬಾಲಿಸಿ. ಯಾವ ಕವಲಿನ ನೆತ್ತಿಯಲ್ಲಿ ಬಿಳಿಯ ಹಿಮನದಿ ಇಲ್ಲವೋ, ಹುಲ್ಲುಗಾವಲು ಅಥವಾ ಕಾಡು ಮಾತ್ರ ಇದೆಯೋ, ಅದು ತಿಳಿನೀರಿನ ಕವಲು. ಕೂಡಲಿನಲ್ಲಿ ಬಿಳಿ ನೀರು ಮತ್ತು ತಿಳಿನೀರು ಸ್ವಲ್ಪ ದೂರ ಬೆರೆಯದೆ ಅಕ್ಕಪಕ್ಕ ಹರಿಯುವುದು ಚಿತ್ರದಲ್ಲಿಯೇ ಕಾಣುವುದುಂಟು. ನಾನು ಕಂಡ ಒಳ್ಳೆಯ ಹೊಳೆಗಳಲ್ಲಿ ಹೆಚ್ಚಿನವು ಹೀಗೆ ಕೆಟ್ಟ ಹೆಸರಿನ ಹೊಳೆಯೊಂದರ ಬೆನ್ನಿಗೆ ಅಡಗಿದ್ದವು.

ಕಲ್ಲಿನ ಜಾತಿಯನ್ನೂ ಗಮನಿಸಿ. ಸುಣ್ಣಕಲ್ಲಿನ ನಾಡಿನ ನೀರಿನಲ್ಲಿ ಹುಳುಹುಪ್ಪಟೆ ಹೆಚ್ಚು, ಮೀನು ಬೇಗ ಕೊಬ್ಬುತ್ತದೆ. ಗ್ರಾನೈಟಿನ ಮೇಲೆ ಹರಿಯುವ ನೀರು ಗಾಜಿನಂತಿದ್ದರೂ ಬಡನೀರು, ಅಲ್ಲಿ ಮೀನು ಗೇಣುದ್ದ ದಾಟುವುದು ಅಪರೂಪ. ಗೇಣುದ್ದದ ಮೀನು ಸಾಲದು ಎನ್ನುವವರು ಬೆಟ್ಟ ಹತ್ತುವ ಶ್ರಮ ಪಡದಿರುವುದೇ ಒಳಿತು.

‘ದೂರ’ ಎಂಬ ಮಾತನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ ಎಂಬುದು ಇಂದು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿ. ಜನಪ್ರಿಯ ಚಾರಣದ ದಾರಿಯಲ್ಲಿ ಇಪ್ಪತ್ತು ಕಿಲೋಮೀಟರ್ ಒಳಗಿರುವ ಹೊಳೆಯ ದಡದಲ್ಲಿ ಡೇರೆಗಳ ಸಾಲೇ ಇರಬಹುದು. ಸೇತುವೆಯಿಂದ ಎರಡೇ ಕಿಲೋಮೀಟರ್ ಮೇಲೆ, ಎರಡೂ ಕಡೆ ಬಂಡೆ ಕವಿದ ಕಮರಿಯೊಳಗೆ, ವರ್ಷಕ್ಕೆ ಒಬ್ಬನೂ ಕಾಲಿಡದ ಮಡುಗಳಿರಬಹುದು. ಮನುಷ್ಯನನ್ನು ತಡೆಯುವುದು ದೂರಕ್ಕಿಂತ ಹೆಚ್ಚಾಗಿ ತೊಡಕು. ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಸುಮಾರು 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ದಾರಿಯಿದ್ದಲ್ಲಿ ಈ ಲೆಕ್ಕ ಸರಿಹೋಗುತ್ತದೆ. ದಾರಿಯಿಲ್ಲದ ಹೊಳೆಯ ಪಾತ್ರದಲ್ಲಿ ಕಲ್ಲು ಹತ್ತಿ ಇಳಿದು ಹೋಗುವಾಗ ಗಂಟೆಗೆ ಒಂದು ಕಿಲೋಮೀಟರ್ ಸಾಗಿದರೆ ನಾನು ಸಂತೋಷಪಡುತ್ತೇನೆ. ಆದ್ದರಿಂದ ನಕ್ಷೆಯ ಮೇಲೆ ನಾನು ಗುರುತು ಹಾಕುವುದು ಗಂಟೆಗಳನ್ನು. ದಾರಿ ಎಲ್ಲಿ ಹೊಳೆಯನ್ನು ಬಿಟ್ಟು ಬೆಟ್ಟದ ಮೈ ಹತ್ತುತ್ತದೆ, ಮತ್ತೆ ಎಲ್ಲಿ ಹೊಳೆಗೆ ಇಳಿಯುತ್ತದೆ ಎಂಬುದನ್ನು ನೋಡಿ, ಆ ಎರಡರ ನಡುವಿನ ತುಂಡನ್ನು ಪೆನ್ಸಿಲಿನಿಂದ ಸುತ್ತುತ್ತೇನೆ. ದಾರಿ ಹೊಳೆಯನ್ನು ಬಿಟ್ಟಿತೆಂದರೆ ಅದಕ್ಕೆ ಏನೋ ಕಾರಣವಿದೆ, ಆ ಕಾರಣವೇ ಮೀನಿನ ಕಾವಲುಗಾರ.

ಉಪಗ್ರಹ ಚಿತ್ರವನ್ನು ಬೇರೆಬೇರೆ ತಿಂಗಳುಗಳಲ್ಲಿ, ಸಾಧ್ಯವಾದರೆ ಬೇರೆಬೇರೆ ವರ್ಷಗಳಲ್ಲಿ ತೆಗೆದದ್ದನ್ನು ಹೋಲಿಸಿ ನೋಡಿ. ನಕ್ಷೆಯಲ್ಲಿ ವರ್ಷವಿಡೀ ಹರಿಯುವಂತೆ ಬರೆದ ಒಂದು ನೀಲಿ ಗೆರೆಯನ್ನು ನಂಬಿ ಹೋಗಿ, ಬಿಸಿಲಿಗೆ ಕಾದ ಗುಂಡುಕಲ್ಲುಗಳ ಮೇಲೆ ಊಟ ಮಾಡಿ ಬಂದವರಲ್ಲಿ ನಾನೂ ಒಬ್ಬ. ಕಲ್ಲುರಾಶಿ ದಪ್ಪಗಿರುವ ಕಡೆ ಹೊಳೆ ನೆಲದೊಳಗೆ ಇಳಿದುಹೋಗುತ್ತದೆ, ಕೆಳಗೆಲ್ಲೋ ಮತ್ತೆ ಏಳುತ್ತದೆ.

ಇನ್ನು ಜನರನ್ನು ಕೇಳುವ ವಿಷಯ. ಮೀನು ಹಿಡಿಯುವವರನ್ನು ಕೇಳಿದರೆ ಅವರು ನನ್ನಂತೆಯೇ ಸುಳ್ಳು ಹೇಳುತ್ತಾರೆ ಅಥವಾ ಸುಮ್ಮನಾಗುತ್ತಾರೆ. ಕುರಿ ಕಾಯುವವರನ್ನು, ಗಿಡಮೂಲಿಕೆ ಆಯುವವರನ್ನು, ಅರಣ್ಯದ ಕಾವಲುಗಾರರನ್ನು ಕೇಳಿ. ಅವರನ್ನೂ ‘ಅಲ್ಲಿ ಟ್ರೌಟ್ ಇದೆಯೇ’ ಎಂದು ಕೇಳಬೇಡಿ. ದೂರದಿಂದ ಬಂದವರಿಗೆ ನಿರಾಸೆಯಾಗಬಾರದೆಂದು ಎಲ್ಲರೂ ‘ಇದೆ’ ಎಂದೇ ಹೇಳುತ್ತಾರೆ. ಕಡುಬೇಸಿಗೆಯಲ್ಲಿ ಆ ಹೊಳೆಯನ್ನು ಕಾಲು ನೆನೆಯದೆ ದಾಟಬಹುದೇ, ಕುರಿಗಳನ್ನು ಎಲ್ಲಿ ದಾಟಿಸುತ್ತೀರಿ, ನೀರು ಯಾವ ತಿಂಗಳು ಕಲಕುತ್ತದೆ ಎಂದು ಕೇಳಿ. ಪರವಾನಗಿ ಮತ್ತು ಋತುವಿನ ನಿಯಮಗಳನ್ನು ಹೊರಡುವ ಮೊದಲೇ ತಿಳಿದುಕೊಳ್ಳಬೇಕು. ಬ್ರೌನ್ ಟ್ರೌಟ್ ಶರತ್ಕಾಲದಿಂದ ಚಳಿಗಾಲದ ಆರಂಭದವರೆಗೆ ಮೊಟ್ಟೆಯಿಡುವುದರಿಂದ, ಉದಾಹರಣೆಗೆ ಹಿಮಾಚಲ ಪ್ರದೇಶದಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಟ್ರೌಟ್ ಹಿಡಿಯುವಂತಿಲ್ಲ.

ಹೊಳೆಗೆ ತಲುಪಿದ ಕೂಡಲೇ ಗಾಳ ಬಿಚ್ಚಬೇಡಿ. ಮೊದಲು ನೆರಳಿನಲ್ಲಿ ಹರಿಯುವ ನೀರಿಗೆ ಥರ್ಮಾಮೀಟರ್ ಇಳಿಸಿ ಎರಡು ನಿಮಿಷ ಕಾಯಿರಿ. ಮಧ್ಯಾಹ್ನ ಮೂರು ನಾಲ್ಕು ಗಂಟೆಗೆ ಮತ್ತೊಮ್ಮೆ ಅಳೆಯಿರಿ, ಏಕೆಂದರೆ ಬೆಳಗಿನ ಅಂಕಿ ಎಲ್ಲ ಹೊಳೆಗಳನ್ನೂ ಒಳ್ಳೆಯವೆಂದೇ ತೋರಿಸುತ್ತದೆ. ನಂತರ ತೆಳುನೀರಿನಲ್ಲಿ ಮುಷ್ಟಿಗಾತ್ರದ ಒಂದು ಕಲ್ಲನ್ನು ಎತ್ತಿ ಮಗುಚಿ. ಮೇಫ್ಲೈ ಎಂಬ ಕೀಟದ ಚಪ್ಪಟೆ ಮೈಯ ಮರಿಗಳು ಓಡಾಡುತ್ತಿದ್ದರೆ, ಮರಳಿನ ಕಣಗಳನ್ನು ಅಂಟಿಸಿಕೊಂಡ ಕ್ಯಾಡಿಸ್ ಹುಳುಗಳ ಗೂಡುಗಳಿದ್ದರೆ, ಊಟದ ವ್ಯವಸ್ಥೆ ಇದೆ ಎಂದಾಯಿತು. ಆ ಕಲ್ಲನ್ನು ಇದ್ದಂತೆಯೇ ಇಟ್ಟುಬಿಡಿ. ಮೀನು ಸಾಮಾನ್ಯವಾಗಿ ಸೆಳವಿಗೆ ಎದುರಾಗಿ ನಿಂತಿರುತ್ತದೆ, ಆದ್ದರಿಂದ ಕೆಳಗಿನಿಂದ ಮೇಲಕ್ಕೆ ಬಗ್ಗಿಕೊಂಡು ಹೋಗುವುದು ಕ್ಷೇಮ. ಸಲಕರಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಪಾನಿನ ಬೆಟ್ಟದ ತೊರೆಗಳಲ್ಲಿ ಬೆಳೆದು ಬಂದ ಟೆಂಕಾರಾ ಪದ್ಧತಿಯಲ್ಲಿ ದಾರ ಸುತ್ತುವ ರಾಟೆಯೂ ಇಲ್ಲ. ಉದ್ದನೆಯ ಕೋಲು, ಅದರ ತುದಿಗೆ ದಾರ, ದಾರದ ತುದಿಗೆ ಒಂದು ಕೃತಕ ನೊಣ, ಅಷ್ಟೇ. ಸಣ್ಣ ತೊರೆಗೆ ಅದು ಸಾಕು.

ಅಪಾಯದ ಬಗ್ಗೆ ಮಾತ್ರ ಅವಸರ ಮಾಡಲಾರೆ. ಹಿಮ ಕರಗಿ ಬರುವ ಹೊಳೆ ಬೆಳಿಗ್ಗೆ ಮೊಣಕಾಲುದ್ದ ಇದ್ದದ್ದು ಸಂಜೆಗೆ ಸೊಂಟದುದ್ದ ಆಗುತ್ತದೆ. ಬೆಳಿಗ್ಗೆ ದಾಟಿದವರು ಸಂಜೆ ಹಿಂದಿರುಗಲಾರದೆ ಆಚೆ ದಡದಲ್ಲಿ ರಾತ್ರಿ ಕಳೆಯಬೇಕಾಗಬಹುದು ಎಂದು ಸಿದ್ಧರಾಗಿಯೇ ಹೋಗಬೇಕು. ದಾಟುವಾಗ ಬೆನ್ನಚೀಲದ ಸೊಂಟಪಟ್ಟಿಯನ್ನು ಬಿಚ್ಚಿಕೊಳ್ಳಿ, ಬಿದ್ದರೆ ಚೀಲ ಹೋಗಲಿ. ಮೇಲೆ ಅಣೆಕಟ್ಟು ಇದೆಯೇ ಎಂಬುದನ್ನು ನಕ್ಷೆಯಲ್ಲಿ ತಪ್ಪದೆ ನೋಡಿ. 2014ರ ಜೂನ್ ತಿಂಗಳಿನಲ್ಲಿ ಬಿಯಾಸ್ ನದಿಯ ಪಾತ್ರದಲ್ಲಿ ನಿಂತಿದ್ದ ವಿದ್ಯಾರ್ಥಿಗಳು ಮೇಲಿನಿಂದ ಬಿಟ್ಟ ನೀರಿಗೆ ಕೊಚ್ಚಿಹೋದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಂತಹ ನೀರು ಬರಲು ಆಕಾಶದಲ್ಲಿ ಮೋಡವೇ ಇರಬೇಕೆಂದಿಲ್ಲ.

ಹಿಡಿದ ಮೀನನ್ನು ಬಿಡುವವರು ಬಿಡುವ ಕ್ರಮವನ್ನು ಕಲಿಯಬೇಕು. ಫರ್ಗುಸನ್ ಮತ್ತು ಟಫ್ಟ್ಸ್ ಎಂಬ ಸಂಶೋಧಕರು 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಣಿಸಿದ ರೇನ್‌ಬೋ ಟ್ರೌಟ್‌ಗಳನ್ನು ನೀರಿನಿಂದ ಎತ್ತದೆ ಬಿಟ್ಟಾಗ ನೂರಕ್ಕೆ 12ರಷ್ಟು ಸತ್ತವು. ಅರ್ಧ ನಿಮಿಷ ಗಾಳಿಯಲ್ಲಿ ಹಿಡಿದವುಗಳಲ್ಲಿ 38ರಷ್ಟು, ಒಂದು ನಿಮಿಷ ಹಿಡಿದವುಗಳಲ್ಲಿ 72ರಷ್ಟು. ಒಂದು ಫೋಟೊಗೆ ಒಂದು ನಿಮಿಷ ಸಾಲುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತು. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ, ಕೈಯನ್ನು ನೆನೆಸಿಕೊಂಡೇ ಮೀನನ್ನು ಮುಟ್ಟಿ, ಆದರೆ ನೀರಿನಿಂದ ಎತ್ತಬೇಡಿ. ನೀರು 20 ಡಿಗ್ರಿ ಮುಟ್ಟಿದ ದಿನ ಗಾಳವನ್ನೇ ಮಡಚಿಡಿ. ಒಂದು ಹೊಳೆಯ ಕೆಸರನ್ನು ಇನ್ನೊಂದಕ್ಕೆ ಒಯ್ಯಬೇಡಿ. 2004ರಲ್ಲಿ ಡಿಡಿಮೊ ಎಂಬ ಪಾಚಿ ನ್ಯೂಜಿಲೆಂಡಿನ ಹೊಳೆಗಳಲ್ಲಿ ಕಾಣಿಸಿಕೊಂಡ ಮೇಲೆ, ಒದ್ದೆ ಹಿಡಿದಿಟ್ಟುಕೊಳ್ಳುವ ಫೆಲ್ಟ್ ಅಟ್ಟೆಯ ಬೂಟುಗಳನ್ನು ಅಲ್ಲಿ 2008ರಲ್ಲಿ ನಿಷೇಧಿಸಿದರು. ನಾನು ಬೂಟುಗಳನ್ನು ತೊಳೆದು ಪೂರ್ತಿ ಒಣಗಿಸಿ, ಆಮೇಲೆ ಎರಡು ದಿನ ಬಿಟ್ಟು ಮುಂದಿನ ಹೊಳೆಗೆ ಹೋಗುತ್ತೇನೆ.

ಕೊನೆಗೆ ಪುಸ್ತಕದ ವಿಷಯ. ಹೋದ ಪ್ರತಿ ಹೊಳೆಗೂ ಒಂದು ಪುಟ ಇಡಿ: ತಾರೀಖು, ಇಳಿಜಾರು, ಎರಡು ಹೊತ್ತಿನ ಉಷ್ಣತೆ, ಕಲ್ಲಿನಡಿಯ ಹುಳು, ದಾರಿಯಿಂದ ಎಷ್ಟು ಗಂಟೆ, ಮೀನು ಕಂಡಿತೇ ಇಲ್ಲವೇ. ನನ್ನ ಪುಸ್ತಕದಲ್ಲಿ ಮೀನು ಕಂಡ ಪುಟಗಳಿಗಿಂತ ಅಡ್ಡಗೆರೆ ಹೊಡೆದ ಪುಟಗಳೇ ಹೆಚ್ಚು, ಮತ್ತು ಹೊಸ ಹೊಳೆಯನ್ನು ಆರಿಸುವಾಗ ನಾನು ತಿರುವಿ ಹಾಕುವುದು ಆ ಅಡ್ಡಗೆರೆಯ ಪುಟಗಳನ್ನೇ. ಮುಂದಿನ ಋತುವಿಗೆಂದು ತೆರೆದಿಟ್ಟ ಪುಟ ಒಂದಿದೆ: ನಕ್ಷೆಯಲ್ಲಿ 5 ಸೆಂಟಿಮೀಟರ್ ಗೆರೆ, ಇಳಿಜಾರು ನೂರಕ್ಕೆ 4, ನೆತ್ತಿಯಲ್ಲಿ ಹಿಮನದಿ ಇಲ್ಲ, ದಾರಿ ಆಚೆ ಬದಿಯ ಬೆಟ್ಟ ಹತ್ತಿ ಹೋಗಿದೆ. ಉಷ್ಣತೆಯ ಮನೆ ಇನ್ನೂ ಖಾಲಿ ಇದೆ.